ಗವರ್ನರ್‌ಗೆ ಪತ್ರ: ವಕೀಲೆ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಐಸ್ ಎಂಬ ಕೇಂದ್ರ (ಫೆಡರಲ್) ಸರ್ಕಾರದ ವಲಸೆ ಪೊಲೀಸರ ಕಾನೂನುಬಾಹಿರ ಬಂಧನಗಳಿಗೆ ಕ್ಯಾಲಿಫೋರ್ನಿಯಾ ಕೈಜೋಡಿಸಬಾರದು ಅಂತ ಗವರ್ನರ್‌ಗೆ, ಅಟಾರ್ನಿ ಜನರಲ್‌ಗೆ, ಕೌಂಟಿ (ಜಿಲ್ಲೆ) ಸೂಪರ್‌ವೈಸರ್‌ಗಳಿಗೆ ಪತ್ರ ಬರೆಯುತ್ತಿದ್ದೇವೆ. ಗುಂಪಿನ ವಲಸೆ ವಕೀಲೆ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ. ಕೇಳುವವರು ಹೆಸರಿನ ಬದಲು ನಿಮ್ಮ ಊರು ಹಾಕಿ.

ಫ್ರೀಮಾಂಟ್: ಮೇಡಂ, ನಾನು ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿರುವವನು. ಓಟಿಲ್ಲದವನು ಸಹಿ ಹಾಕಬಹುದಾ?

ವಕೀಲೆ: ಹಾಕಬಹುದು. ಸರ್ಕಾರಕ್ಕೆ ಅಹವಾಲು ಕೊಡುವ ಹಕ್ಕು ಸಂವಿಧಾನದ ಮೊದಲ ತಿದ್ದುಪಡಿಯಲ್ಲಿದೆ. ಅದು ‘ಜನರ’ ಹಕ್ಕು, ಸಿಟಿಜನ್‌ಗಳದ್ದು ಮಾತ್ರ ಅಂತ ಅಲ್ಲಿಲ್ಲ. ಆದರೆ ಈಗಿನ ದಿನಗಳಲ್ಲಿ ಏನೂ ಆಗಲ್ಲ ಅಂತ ನಾನು ಬರೆದುಕೊಡಲಾರೆ. ಅಳುಕಿದ್ದರೆ ಮನೆಯಲ್ಲಿ ಸಿಟಿಜನ್ ಆದವರು ಹಾಕಲಿ.

ಸ್ಯಾನ್ ಹೋಸೆ: ಐಸ್ ಬಂದರೆ ನಮ್ಮ ಪೊಲೀಸರೇ ಅಡ್ಡ ನಿಲ್ಲಲಿ ಅಂತ ಸೇರಿಸೋಣ.

ವಕೀಲೆ: ಬೇಡ. ಫೆಡರಲ್ ಅಧಿಕಾರಿಯ ಕಾನೂನುಬದ್ಧ ಕೆಲಸಕ್ಕೆ ರಾಜ್ಯ ಅಡ್ಡ ಬರುವಂತಿಲ್ಲ. ನಮ್ಮ ಪೊಲೀಸರನ್ನು, ನಮ್ಮ ಜೈಲನ್ನು, ನಮ್ಮ ತೆರಿಗೆ ದುಡ್ಡನ್ನು ಆ ಕೆಲಸಕ್ಕೆ ಕೊಡಬೇಡಿ ಅಂತ ಕೇಳಿ. ಕೊಡದೆ ಇರುವ ಅಧಿಕಾರ ರಾಜ್ಯಕ್ಕಿದೆ. ಸುಪ್ರೀಂ ಕೋರ್ಟಿನ 1997ರ ಪ್ರಿಂಟ್ಜ್ ತೀರ್ಪು ಓದಿ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯನ್ನು ವಾಷಿಂಗ್ಟನ್ ತಮ್ಮ ತಲೆಗೆ ಕಟ್ಟಿತು ಅಂತ ಕೋರ್ಟಿಗೆ ಹೋದವರೇ ಶೆರಿಫ್‌ಗಳು, ಅಂದರೆ ಕೌಂಟಿ ಪೊಲೀಸ್ ಮುಖ್ಯಸ್ಥರು. ಗೆದ್ದರು.

ಪ್ಲೆಸೆಂಟನ್: ಗ್ರೀನ್‌ಕಾರ್ಡ್ ಜೇಬಲ್ಲೇ ಇರಬೇಕಾ?

ವಕೀಲೆ: ಹೌದು. 18 ದಾಟಿದ ಎಲ್ಲರೂ.

ಸನ್ನಿವೇಲ್: *ತುರ್ತು!! ಎಲ್ಲರಿಗೂ ಕಳಿಸಿ!!* ಐಸ್ ಬಾಗಿಲು ತಟ್ಟಿದರೆ ‘ನಾನು ಅಮೆರಿಕದ ಸಿಟಿಜನ್’ ಎಂದು ಮೂರು ಸಲ ಹೇಳಿ, ಅವರು ಹೊರಟುಹೋಗಲೇಬೇಕು.

ವಕೀಲೆ: ಇದನ್ನು ಈಗಲೇ ಅಳಿಸಿ. ಸಿಟಿಜನ್ ಅಲ್ಲದವರು ಹಾಗೆ ಹೇಳಿದರೆ ಅದು ಅಪರಾಧ. ಗ್ರೀನ್‌ಕಾರ್ಡ್ ಆಸೆಯನ್ನು ಜೀವಮಾನಪೂರ್ತಿ ಬಿಡಬೇಕಾಗುತ್ತದೆ, ಕ್ಷಮಾಪಣೆಗೂ ದಾರಿ ಇಲ್ಲದ ಹಾಗೆ. ಸುಮ್ಮನಿರುವ ಹಕ್ಕಿದೆ, ಸುಮ್ಮನಿರಿ. ಜಡ್ಜ್ ಸಹಿಯ ವಾರಂಟ್ ಇಲ್ಲದಿದ್ದರೆ ಬಾಗಿಲು ತೆರೆಯಬೇಕಿಲ್ಲ. ಕಾಗದದ ಮೇಲೆ ಐ-200, ಐ-205 ಅಂತಿದ್ದರೆ ಅದಕ್ಕೆ ಸಹಿ ಹಾಕಿರುವುದು ಇಲಾಖೆಯ ಅಧಿಕಾರಿ, ಜಡ್ಜ್ ಅಲ್ಲ.

ಸನ್ನಿವೇಲ್: ಬಂದಿದ್ದನ್ನು ಕಳಿಸಿದೆ ಅಷ್ಟೇ, ಮೇಡಂ.

ವಕೀಲೆ: ಗೊತ್ತು. ಎಲ್ಲರೂ ಹಾಗೇ ಕಳಿಸುತ್ತಾರೆ.

ಸ್ಯಾಕ್ರಮೆಂಟೊ: ಮೇಡಂ, ನಮ್ಮ ಚಿಕ್ಕಪ್ಪನ ಮಗ ಲೈಸೆನ್ಸ್ ಇಲ್ಲದೆ ಕಾರು ಓಡಿಸಿ ಸಿಕ್ಕಿಬಿದ್ದ. ವೀಸಾ ಮುಗಿದು ವರ್ಷವಾಗಿದೆ. ಹಳೇ ಕೇಸ್ ಯಾವುದೂ ಇಲ್ಲ. ಬೆಳಿಗ್ಗೆಯೇ ಜಾಮೀನು ಕಟ್ಟಿದೆವು. ಕೌಂಟಿ ಜೈಲಿನವರು ‘ಐಸ್ ಹೋಲ್ಡ್ ಇದೆ’ ಅಂತ ಬಿಡುತ್ತಿಲ್ಲ.

ವಕೀಲೆ: ಬೆಳಿಗ್ಗೆ ಕಟ್ಟಿ ಇನ್ನೂ ಒಳಗಿದ್ದಾನೆ ಅಂದರೆ ನನಗೆ ಗಾಬರಿ. ಉಳಿದವರೂ ಓದಿ, ನಮ್ಮ ಪತ್ರದ ಜೀವಾಳವೇ ಇದು. ಹೋಲ್ಡ್ ಅನ್ನುವುದು ಐ-247ಎ ಎಂಬ ಕಾಗದ: ಬಿಡುಗಡೆಯ ಹೊತ್ತು ದಾಟಿ 48 ಗಂಟೆವರೆಗೆ ಹಿಡಿದಿಡಿ ಅನ್ನುವ ವಿನಂತಿ. ಆಜ್ಞೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿ 1ರಿಂದ ಎಸ್‌ಬಿ 54 ಎಂಬ ರಾಜ್ಯ ಕಾನೂನು ಜಾರಿಯಲ್ಲಿದೆ. ಆ ವಿನಂತಿ ಹಿಡಿದುಕೊಂಡು ಕೌಂಟಿ ಜೈಲು ಯಾರನ್ನೂ ಒಂದು ಗಂಟೆಯೂ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಟ್ರಂಪ್ ಸರ್ಕಾರ ಇದರ ವಿರುದ್ಧ ಕೋರ್ಟಿಗೆ ಹೋಗಿ 2019ರಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ ಸೋತಿತು. 2020ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನೇ ತೆಗೆದುಕೊಳ್ಳಲಿಲ್ಲ. ಈಗಲೇ ಜೈಲಿಗೆ ಹೋಗಿ ಆ ಕಾಗದದ ಪ್ರತಿ ಕೇಳಿ. ಟ್ರೂತ್ ಆ್ಯಕ್ಟ್ ಎಂಬ ಇನ್ನೊಂದು ರಾಜ್ಯ ಕಾನೂನಿನ ಪ್ರಕಾರ ಅದನ್ನು ಅವನ ಕೈಗೆ ಕೊಡಲೇಬೇಕು. ಐಸ್ ಮಾತಾಡಿಸುವ ಮೊದಲು ಲಿಖಿತ ಒಪ್ಪಿಗೆ ಕೇಳಬೇಕು, ಅವನು ಒಲ್ಲೆ ಅನ್ನಬಹುದು. ಆ ಫಾರಂ ಕನ್ನಡದಲ್ಲಿ ಇರುವುದಿಲ್ಲ. ಅರ್ಥವಾಗದೆ ಯಾವುದಕ್ಕೂ ಸಹಿ ಹಾಕದಿರಲಿ.

ಇನ್ನೊಂದು ಅಪಾಯ ಗೇಟಿನಲ್ಲಿದೆ: ಹೊರಬರುವ ಹೊತ್ತಿಗೆ ಐಸ್ ಅಲ್ಲೇ ಕಾಯುತ್ತಿರಬಹುದು. ಬಿಡುಗಡೆಯ ದಿನ ಸಾರ್ವಜನಿಕವಾಗಿದ್ದರೆ ಐಸ್‌ಗೆ ತಿಳಿಸಬಹುದು ಅಂತ ಎಸ್‌ಬಿ 54ರಲ್ಲೇ ಸಂದು ಬಿಟ್ಟಿದ್ದಾರೆ. 2018ರಲ್ಲೇ ಆರೆಂಜ್ ಕೌಂಟಿ ಶೆರಿಫ್ ಇಲಾಖೆ ಎಲ್ಲ ಕೈದಿಗಳ ಬಿಡುಗಡೆ ದಿನವನ್ನು ವೆಬ್‌ಸೈಟಿಗೆ ಹಾಕತೊಡಗಿತು. ಪತ್ರದಲ್ಲಿ ‘ಆ ದಿನಾಂಕಗಳನ್ನು ಪ್ರಕಟಿಸಬೇಡಿ’ ಅಂತ ಬರೆಯಿರಿ. ಕರಡಿನಲ್ಲಿರುವ ‘ಮಾನವೀಯತೆ ತೋರಿ’ ಅನ್ನುವ ನಾಲ್ಕು ಪ್ಯಾರಾ ತೆಗೆದು ಈ ಒಂದು ಸಾಲು ಹಾಕಿ.

ಸ್ಯಾನ್ ರಮೋನ್: ಕ್ಷಮಿಸಿ, ವೀಸಾ ಮುಗಿದವನಿಗೆ ಯಾಕಿಷ್ಟು ವಕಾಲತ್ತು? ನಾವು 14 ವರ್ಷದಿಂದ ಗ್ರೀನ್‌ಕಾರ್ಡ್ ಸರತಿಯಲ್ಲಿ ನಿಂತಿದ್ದೇವೆ.

ಮಿಲ್ಪಿಟಸ್: ಸರತಿಯಲ್ಲಿ ನಿಂತವರ ಬಣ್ಣ ನೋಡಿ ಬಿಡ್ತಾರಾ? ಭಗತ್ ಸಿಂಗ್ ತಿಂಡ್ ಈ ದೇಶದ ಸೈನ್ಯದಲ್ಲಿ ಇದ್ದು ಬಂದವರು. 1923ರಲ್ಲಿ ಸುಪ್ರೀಂ ಕೋರ್ಟ್ ಅವರು ಬಿಳಿಯರಲ್ಲ ಅಂದಿತು, ಆಮೇಲೆ ಅವರ ಸಿಟಿಜನ್‌ಶಿಪ್ ಕಿತ್ತುಕೊಂಡರು.

ಸ್ಯಾನ್ ರಮೋನ್: ನೂರು ವರ್ಷದ ಕಥೆ ಬೇಡ. ತಪ್ಪು ಮಾಡಿದವರು ಅನುಭವಿಸಲಿ.

ಮಿಲ್ಪಿಟಸ್: ನಿಮ್ಮ ತಮ್ಮ ಆಗಿದ್ದರೂ ಇದೇ ಮಾತಾ?

ಸ್ಯಾನ್ ರಮೋನ್: ಮನೆಯವರ ವಿಷಯ ಎತ್ತಬೇಡಿ. ನಾಲಿಗೆ ಬಿಗಿ ಹಿಡಿದು ಮಾತಾಡಿ.

ಡಲ್ಲಾಸ್: ಟೆಕ್ಸಾಸ್‌ನಲ್ಲಿ 2017ರ ಎಸ್‌ಬಿ 4 ಪ್ರಕಾರ ಜೈಲುಗಳು ಡೀಟೇನರ್ (ಅದೇ ಐಸ್ ಹೋಲ್ಡ್) ಪಾಲಿಸಲೇಬೇಕು. ನಾವು ಯಾರಿಗೆ ಬರೆಯೋಣ?

ಕ್ಯುಪರ್ಟಿನೊ: ಮೇಡಂ, ಗ್ರೀನ್‌ಕಾರ್ಡ್ ಫೋಟೋ ಫೋನಲ್ಲಿದ್ದರೆ ಸಾಕಾ?

ವಕೀಲೆ: ಸಾಲದು. ಮೇಲೆ ಓದಿ.

ಡಬ್ಲಿನ್: ಎಚ್-4 ವೀಸಾ ಸ್ಟಾಂಪಿಂಗ್‌ಗೆ ಚೆನ್ನೈ ಒಳ್ಳೆಯದಾ, ಹೈದರಾಬಾದಾ?

ಸ್ಯಾನ್ ರಮೋನ್: ಅಡ್ಮಿನ್, ಇದು ಕನ್ನಡ ಗುಂಪಾ, ರಾಜಕೀಯ ಪಕ್ಷದ ಆಫೀಸಾ?

ವಕೀಲೆ: ಸರ್, ಒಬ್ಬ ಹುಡುಗ ಜಾಮೀನು ಕಟ್ಟಿದ ಮೇಲೂ ಬೀಗದೊಳಗಿದ್ದಾನೆ. ಅವನ ವೀಸಾ ವಿಚಾರ ಇಮಿಗ್ರೇಷನ್ ಕೋರ್ಟ್ ನೋಡಿಕೊಳ್ಳುತ್ತದೆ. ಶೆರಿಫ್ ಕಾನೂನು ಮುರಿಯಬಹುದೋ ಅನ್ನುವುದಷ್ಟೇ ನನ್ನ ಪ್ರಶ್ನೆ. ನಿಮಗೆ ಬೇಡವಾದರೆ ಸಹಿ ಹಾಕಬೇಡಿ, ಇಲ್ಲಿ ಜಾಗ ಬಿಡಿ.

ಸ್ಯಾಕ್ರಮೆಂಟೊ: ಮೇಡಂ, ಕಾಗದ ಸಿಕ್ಕಿತು. ಐ-247ಎ ಅಂತಲೇ ಇದೆ. ಕೆಳಗೆ ಐಸ್ ಅಧಿಕಾರಿಯ ಸಹಿ.

ವಕೀಲೆ: ಜಡ್ಜ್ ಸಹಿಯ ವಾರಂಟ್ ಬೇರೆ ಇದೆಯಾ?

ಸ್ಯಾಕ್ರಮೆಂಟೊ: ಇಲ್ಲ ಅಂದರು.

ವಕೀಲೆ: ಎರಡೂ ಬದಿ ಫೋಟೋ ತೆಗೆದು ನನಗೊಬ್ಬಳಿಗೇ ಕಳಿಸಿ, ಇಲ್ಲಿ ಹಾಕಬೇಡಿ. ಕೌಂಟರ್ ಬಿಟ್ಟು ಕದಲಬೇಡಿ. ಹತ್ತು ನಿಮಿಷದಲ್ಲಿ ಜೈಲಿಗೆ ಫೋನ್ ಮಾಡುತ್ತೇನೆ.