ಮಳೆ ರಜೆಯಲ್ಲಿ ಲಾವಾ ಲ್ಯಾಂಪ್: ಎಣ್ಣೆ ಯಾವುದು, ನೊರೆಗೆ ಏನು?

ವಿರಾಜಪೇಟೆಯಿಂದ ಪ್ರಶ್ನೆ:
ಮಳೆಗೆ ಶಾಲೆಗೆ ರಜೆ. ಮೂರನೇ ಕ್ಲಾಸಿನ ಮಗಳಿಗೆ ಲಾವಾ ಲ್ಯಾಂಪ್, ಅಂದ್ರೆ ಎಣ್ಣೆಯೊಳಗೆ ಬಣ್ಣದ ಗುಳ್ಳೆ ಹತ್ತಿ ಇಳಿಯುವ ಬಾಟಲಿ, ಮಾಡುವ ಆಸೆ. ತೆಂಗಿನೆಣ್ಣೆಯಲ್ಲಿ ಮಾಡಿದೆವು. ಸ್ವಲ್ಪ ಹೊತ್ತಿಗೆ ಎಣ್ಣೆ ಮಬ್ಬಾಗಿ ಗಟ್ಟಿಯಾಯ್ತು, ಬಣ್ಣ ನಡುವಲ್ಲೇ ನಿಂತುಬಿಟ್ಟಿತು. ಪಾಪ, ಅತ್ತೇ ಬಿಟ್ಟಳು. ಮಾಡಿ ನೋಡಿದವರು ಹೇಳಿ.

ಮಡಿಕೇರಿಯಿಂದ:
ಅಕ್ಕಾ, ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತೆ. ಕಕ್ಕಡದಲ್ಲಿ, ಅದೇ ನಮ್ಮ ಜೋರು ಮಳೆಯ ತಿಂಗಳಲ್ಲಿ, ಒಲೆ ಹತ್ತಿರ ಇಟ್ಟು ಕರಗಿಸಿಯೇ ತಲೆಗೆ ಹಚ್ಚೋದು ಅಲ್ವಾ? ಸೂರ್ಯಕಾಂತಿ ಎಣ್ಣೆ ತಗೊಳ್ಳಿ.

ನಾವು ಖಾಲಿ ಜೇನಿನ ಬಾಟಲಿಯಲ್ಲಿ ಮಾಡಿದೆವು. ಕಾಲು ಭಾಗ ನೀರು, ಮೇಲೆ ಎಣ್ಣೆ, ಬಾಯಿಂದ ಮೂರು ಬೆರಳು ಖಾಲಿ. ಎರಡೂ ಬೇರೆಯಾಗುವವರೆಗೆ ಕಾಯಿರಿ. ಆಮೇಲೆ ಅಡುಗೆ ಬಣ್ಣದ ನಾಲ್ಕು ಹನಿ. ಇಲ್ಲಿ ಅವಸರ ಮಾಡಬೇಡಿ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹನಿ ಎಣ್ಣೆಯಲ್ಲಿ ಕರಗದೆ ಗುಂಡಗೆ ಮಣಿಯ ಹಾಗೆ ಇಳಿಯುತ್ತೆ. ನೀರಿನ ಮೇಲೆ ಬಂದು ಒಂದು ಕ್ಷಣ ಕೂರುತ್ತೆ. ಆಮೇಲೆ ಪಟ್ ಅಂತ ಒಡೆದು ಹೊಗೆಯ ಹಾಗೆ ಹರಡುತ್ತೆ. ನನ್ನ ಮಗ ಉಸಿರು ಬಿಗಿಹಿಡಿದು ನೋಡಿದ.

ಈಗ ಈನೋ ಅರ್ಧ ಚಮಚ ಹಾಕಿ. ನೀರು ಮುಟ್ಟಿದ ಕೂಡಲೇ ಗಾಳಿಗುಳ್ಳೆ ಏಳುತ್ತೆ. ಅದು ಇಂಗಾಲದ ಡೈಆಕ್ಸೈಡ್. ಗುಳ್ಳೆ ಬಣ್ಣದ ನೀರನ್ನು ಹೊತ್ತು ಮೇಲೆ ಹೋಗುತ್ತೆ, ಅಲ್ಲಿ ಒಡೆಯುತ್ತೆ, ನೀರು ಭಾರಕ್ಕೆ ವಾಪಸ್ ಬೀಳುತ್ತೆ. ಎಣ್ಣೆ ಯಾಕೆ ಮೇಲೆ ಅಂತ ಮಗು ಕೇಳಿದರೆ ಎಣ್ಣೆ ಪ್ಯಾಕೆಟ್ ತೋರಿಸಿ. ನಮ್ಮನೆಯದರಲ್ಲಿ 1 ಲೀಟರ್, 910 ಗ್ರಾಂ ಅಂತಿತ್ತು. ಅಷ್ಟೇ ನೀರು 1 ಕಿಲೋ ತೂಗುತ್ತೆ. ಗುಳ್ಳೆ ಏಳುವಾಗ ಮುಚ್ಚಳ ಮಾತ್ರ ಹಾಕಲೇಬೇಡಿ, ಒಳಗೆ ಒತ್ತಡ ಕಟ್ಟುತ್ತೆ.

ಗೋಣಿಕೊಪ್ಪದಿಂದ:
ಈನೋ ಪುಡಿ ಬೇಗ ಮುಗಿದುಹೋಗುತ್ತೆ, ಮಕ್ಕಳಿಗೆ ಸಾಕಾಗಲ್ಲ. ನಾವು ಉಲ್ಟಾ ಮಾಡಿದೆವು. ನೀರು ಹಾಕದೆ, ಗ್ಲಾಸಿನ ತಳಕ್ಕೆ ಎರಡು ಚಮಚ ಅಡುಗೆ ಸೋಡ, ಮೇಲೆ ನಿಧಾನವಾಗಿ ಎಣ್ಣೆ. ನಿಂಬೆರಸಕ್ಕೆ ಬಣ್ಣ ಬೆರೆಸಿ ಔಷಧಿ ಡ್ರಾಪರಿನಲ್ಲಿ ಒಂದೊಂದೇ ಹನಿ. ಪ್ರತಿ ಹನಿ ಸೋಡ ಮುಟ್ಟಿ ಮೇಲೇಳುತ್ತೆ. ಕಾಚಂಪುಳಿಯ (ನಮ್ಮ ಕೊಡಗಿನ ಹಣ್ಣಿನ ಹುಳಿರಸ) ಹುಳಿಗೂ ಸೋಡ ನೊರೆಯುತ್ತೆ. ಆದರೆ ಅದು ಕಪ್ಪು, ಬಣ್ಣ ಕಾಣಲ್ಲ, ಮತ್ತೆ ಅದರ ಬೆಲೆ ನಿಮಗೇ ಗೊತ್ತು. ಹಂದಿ ಮಾಂಸದ ಪಂದಿಕರಿಗೇ ಇರಲಿ.

ಸೋಮವಾರಪೇಟೆಯಿಂದ:
ಎರಡು ತಪ್ಪು ನಾನು ಮಾಡಿದ್ದೇನೆ. ಬಣ್ಣಕ್ಕೆ ಅರಿಶಿನ ಹಾಕಿದೆ, ಅದು ಎಣ್ಣೆಗೇ ಇಳಿದು ಎಲ್ಲಾ ಹಳದಿ. ಮೆಡಿಕಲ್‌ನಿಂದ ಚೀಪುವ ವಿಟಮಿನ್ ಸಿ ಮಾತ್ರೆ ತಂದೆ, ತಳಕ್ಕೆ ಹೋಗಿ ಸುಮ್ನೆ ಕೂತಿತು. ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆ ಅಂತಲೇ ಕೇಳಿ.

ಅಂಗಡಿಯ ಲಾವಾ ಲ್ಯಾಂಪ್ ಬೇರೆ. ಅದರಲ್ಲಿ ಬಲ್ಬಿನ ಬಿಸಿಗೆ ಮೇಣ ಹಿಗ್ಗಿ ಹಗುರವಾಗಿ ಏಳುತ್ತೆ, ತಣಿದು ಇಳಿಯುತ್ತೆ. 1963ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ ತಂದದ್ದು. ಮಗಳು ಬಿಸಿ ಎಲ್ಲಿ ಅಂತ ಕೇಳಿದರೆ ಹೇಳೋಕೆ ಇರಲಿ.

ವಿರಾಜಪೇಟೆಯಿಂದ, ಮರುದಿನ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಂಬೆರಸದ್ದೇ ಮಾಡಿದೆವು. ಸಂಜೆ ಕರೆಂಟು ಹೋಯ್ತು. ಗ್ಲಾಸಿನ ಪಕ್ಕ ಟಾರ್ಚ್ ಇಟ್ಟೆವು. ಕೆಂಪು ಹನಿಗಳ ನೆರಳು ಗೋಡೆ ಮೇಲೆಲ್ಲಾ ಹತ್ತಿ ಇಳಿಯಿತು. ಎಣ್ಣೆ ಸಿಂಕಿಗೆ ಸುರಿದಿಲ್ಲ. ಮುಚ್ಚಳ ಹಾಕದೆ ಎತ್ತಿಟ್ಟಿದ್ದೇನೆ, ನಾಳೆ ಅವಳ ಅಣ್ಣನಿಗೆ ಅವಳೇ ಮಾಡಿ ತೋರಿಸ್ತಾಳಂತೆ.