ಖಾಲಿ ಬಾಕ್ಸ್ ತರುವಾಗಲೇ ಚಾರ್ಜ್ ಜಾಸ್ತಿ ಇಳಿಯುತ್ತಿದೆ, ಯಾಕೆ?

ಮುಳಬಾಗಿಲು ಗಾಡಿ
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಚಿಕ್ಕದೊಂದು ಎಲೆಕ್ಟ್ರಿಕ್ ಪಿಕಪ್ ತಗೊಂಡೆ. 21 ಯೂನಿಟ್ ಬ್ಯಾಟರಿ. ನಮ್ಮೂರಿಂದ ಕೋಲಾರದ ಎಪಿಎಂಸಿಗೆ 34 ಕಿಲೋಮೀಟರ್. ಬೆಳಿಗ್ಗೆ 40 ಬಾಕ್ಸ್ ಟೊಮ್ಯಾಟೊ ಹಾಕಿಕೊಂಡು ಹೋಗುತ್ತೇನೆ. ಬಾಕ್ಸಿಗೆ 15 ಕೆಜಿ, ಒಟ್ಟು 600 ಕೆಜಿ. ಮಂಡಿ ಮುಟ್ಟುವಾಗ ಚಾರ್ಜ್ 22 ಪರ್ಸೆಂಟ್ ಇಳಿದಿರುತ್ತದೆ. ಸರಿ, ಲೋಡ್ ಇದೆ, ಒಪ್ಪಿಕೊಂಡೆ.

ವಾಪಸ್ ಬರುವಾಗ ನಮ್ಮೂರಿನ ನಾಲ್ಕೈದು ಮನೆಗಳಿಗೆ ಸೇರಿಸಿ 100 ಖಾಲಿ ಬಾಕ್ಸ್ ತರುತ್ತೇನೆ. ತೂಕ 200 ಕೆಜಿಯೂ ಇಲ್ಲ. ಆದರೆ ಚಾರ್ಜ್ 31 ಪರ್ಸೆಂಟ್ ಹೋಗುತ್ತಿದೆ! ಸರ್ವೀಸಿನವರನ್ನು ಕೇಳಿದೆ. ಬ್ಯಾಟರಿ ಚೆನ್ನಾಗಿದೆ ಅಂದರು. ನಂಬಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಡೀಸೆಲ್ ರಾಜ
ಅದಕ್ಕೇ ನಾನು ಡೀಸೆಲ್ ಬಿಟ್ಟಿಲ್ಲ ಗುರು. ನನ್ನ ಗಾಡಿ ಖಾಲಿ ಇರಲಿ, ಲೋಡ್ ಇರಲಿ, ಲೀಟರಿಗೆ 18 ಕೊಡುತ್ತದೆ. ಪರ್ಸೆಂಟ್ ನೋಡಿಕೊಂಡು ಗಾಡಿ ಓಡಿಸುವುದು ಒಂದು ಬಾಳಾ?

ಶ್ರೀನಿವಾಸಪುರದವ
ಏರು ಇರಬೇಕು ಅಣ್ಣ. ಮುಳಬಾಗಿಲು ಕಡೆ ಬರುವಾಗ ಅಲ್ಲಲ್ಲಿ ಏರು ಇದೆಯಲ್ಲ. ಅಥವಾ ಗಾಳಿ. ಈಗ ಆಷಾಢ, ಗಾಳಿ ಹೆಂಗೆ ಬೀಸುತ್ತಿದೆ ನೋಡಿ.

ಲೆಕ್ಕದ ಮೇಷ್ಟ್ರು
ಆಷಾಢದ ಗಾಳಿ ಬರುವುದು ಪಡುವಲಿಂದ. ಕೋಲಾರದಿಂದ ಮುಳಬಾಗಿಲಿಗೆ ಹೋಗುವುದು ಮೂಡಲಿಗೆ. ಅಂದರೆ ವಾಪಸ್ ಬರುವಾಗ ಆ ಗಾಳಿ ಇವರನ್ನು ಹಿಂದಿನಿಂದ ತಳ್ಳಬೇಕು, ತಡೆಯಬಾರದು. ಏರಿನ ಮಾತೂ ಅಷ್ಟೇ. ಎರಡು ಊರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಲೋಡ್ ಗಾಡಿ 100 ಮೀಟರ್ ಎತ್ತರ ಹತ್ತಿದರೂ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಅಷ್ಟೇ. ಇಳಿಯುವಾಗ ಅದರಲ್ಲೂ ಸ್ವಲ್ಪ ವಾಪಸ್ ಬರುತ್ತದೆ.

ಎರಡು ಪ್ರಶ್ನೆ ಕೇಳುತ್ತೇನೆ ತಮ್ಮ. ಖಾಲಿ ಬಾಕ್ಸ್ ಎಷ್ಟು ಎತ್ತರಕ್ಕೆ ಜೋಡಿಸುತ್ತೀರಿ? ಹೋಗುವಾಗ, ಬರುವಾಗ ಸ್ಪೀಡ್ ಎಷ್ಟು?

ಮುಳಬಾಗಿಲು ಗಾಡಿ
ಏಳು ವರಸೆ ಮೇಷ್ಟ್ರೇ, ಹಗ್ಗ ಬಿಗಿದು. ಕ್ಯಾಬಿನ್ನಿಗಿಂತ ಮೂರು ಅಡಿ ಮೇಲೆ ನಿಲ್ಲುತ್ತದೆ. ಹೋಗುವಾಗ ಹಣ್ಣು ನಲುಗಬಾರದು ಅಂತ 40ರಲ್ಲಿ ಹೋಗುತ್ತೇನೆ. ಬರುವಾಗ ಹೈವೇ ಖಾಲಿ ಇರುತ್ತದೆ, 60.

ಲೆಕ್ಕದ ಮೇಷ್ಟ್ರು
ಸಿಕ್ಕಿತು. ಬ್ಯಾಟರಿ ಕೆಟ್ಟಿಲ್ಲ. ನೀವು ಗೋಡೆ ಹೊತ್ತುಕೊಂಡು ಬರುತ್ತಿದ್ದೀರಿ.

ಗಾಡಿಯನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು. ಒಂದು ಟೈರ್ ಉರುಳುವ ತಡೆ. ಅದು ತೂಕದ ಜೊತೆ ಏರುತ್ತದೆ, ಸ್ಪೀಡ್ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಇನ್ನೊಂದು ಗಾಳಿ. ಅದಕ್ಕೆ ತೂಕ ಲೆಕ್ಕಕ್ಕಿಲ್ಲ. ಎದುರಿಗೆ ಎಷ್ಟು ಅಗಲ, ಎಷ್ಟು ಎತ್ತರ, ಆಕಾರ ಎಂಥದ್ದು, ಅದೇ ಲೆಕ್ಕ. ಸ್ಪೀಡ್ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು.

ಕಾಗದದ ಮೇಲೆ ಅಂದಾಜು ಹಾಕಿದೆ. ಹೋಗುವಾಗ ಟೈರ್ ತಡೆ 21 ಕೆಜಿ ಭಾರದಷ್ಟು, ಗಾಳಿ 9 ಕೆಜಿಯಷ್ಟು. ಒಟ್ಟು 30. ಎರಡೂವರೆ ವರಸೆ ಬಾಕ್ಸ್ ಕ್ಯಾಬಿನ್ ಹಿಂದೆ ಮರೆಯಾಗಿರುತ್ತದೆ, ಗಾಳಿಗೆ ಕಾಣುವುದೇ ಇಲ್ಲ. ಬರುವಾಗ ಟೈರ್ ತಡೆ 15ಕ್ಕೆ ಇಳಿಯುತ್ತದೆ. ಗಾಳಿ ಮಾತ್ರ 45ಕ್ಕೆ ಏರುತ್ತದೆ! ಒಟ್ಟು 60. ಎರಡರಷ್ಟಾಯಿತಲ್ಲ, ಚಾರ್ಜ್ ಯಾಕೆ ಎರಡರಷ್ಟು ಇಳಿಯಲಿಲ್ಲ ಅನ್ನಬಹುದು. ಹೋಗುವಾಗ ಊರೊಳಗಿನ ಹಂಪು, ಮಂಡಿ ಗೇಟಿನ ಕ್ಯೂ, ನಿಂತು ನಿಂತು ಹೊರಡುವುದು, ಎಲ್ಲ ಆ 22ರಲ್ಲಿ ಸೇರಿದೆ.

ಬೆಂಗಳೂರಲ್ಲಿರೋ ಮಾಲೂರಿನವ
ಮೇಷ್ಟ್ರು ಹೇಳಿದ್ದು ಸರಿ. ಅಮೆರಿಕದಲ್ಲಿ ದೊಡ್ಡ ಎಲೆಕ್ಟ್ರಿಕ್ ಪಿಕಪ್‌ಗಳದ್ದೂ ಇದೇ ಗೋಳು. ಫೋರ್ಡ್ ಎಫ್-150 ಲೈಟ್ನಿಂಗ್ ಅಂತ ಒಂದಿದೆ. ದೊಡ್ಡ ಬ್ಯಾಟರಿಯದ್ದು 131 ಯೂನಿಟ್, ನಿಮ್ಮದರ ಆರು ಪಟ್ಟು. ಖಾಲಿ ಓಡಿದರೆ ಸುಮಾರು 500 ಕಿಲೋಮೀಟರ್ ರೇಂಜ್. ಹಿಂದೆ ಎತ್ತರದ ಟ್ರೇಲರ್ ಕಟ್ಟಿದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಭಾರದ ತಗ್ಗು ಟ್ರೇಲರ್‌ಗಿಂತ ಹಗುರವಾದ ಎತ್ತರದ ಡಬ್ಬಾ ಟ್ರೇಲರ್ ಹೈವೇಯಲ್ಲಿ ಜಾಸ್ತಿ ಕರೆಂಟ್ ತಿನ್ನುತ್ತದೆ. ರಿವಿಯನ್ ಅನ್ನುವ ಪಿಕಪ್ಪಿನ ಗಾಳಿ ತಡೆಯ ಅಂಕಿ 0.30. ಪಿಕಪ್ಪಿಗೆ ಅದು ತುಂಬಾ ಕಡಿಮೆ.

ಡೀಸೆಲ್ ರಾಜ
ಆ ರಿವಿಯನ್ನಲ್ಲಿ ಎಷ್ಟು ಬಾಕ್ಸ್ ಟೊಮ್ಯಾಟೊ ಹಿಡಿಸುತ್ತದೆ ಅಂತ ಬರೆದಿಲ್ವಾ?

ಶ್ರೀನಿವಾಸಪುರದವ
ಹಂಗಾದರೆ ಖಾಲಿ ಬರುವಾಗ ಹಿಂದಿನ ಡೋರ್ ಬಿಚ್ಚಿಕೊಂಡು ಬಂದರೆ? ಗಾಳಿ ಸೀದಾ ಆಚೆ ಹೋಗುತ್ತದಲ್ಲ. ನಮ್ಮೂರಲ್ಲಿ ಕೆಲವರು ಹಂಗೇ ಓಡಿಸುತ್ತಾರೆ.

ಬೆಂಗಳೂರಲ್ಲಿರೋ ಮಾಲೂರಿನವ
ಕೇಳಲು ಚೆನ್ನಾಗಿದೆ, ಆದರೆ ಉಲ್ಟಾ. ಡೋರ್ ಮುಚ್ಚಿದ್ದರೆ ಬಾಡಿಯೊಳಗೆ ಗಾಳಿ ಒಂದು ಉಂಡೆಯಂತೆ ಸುತ್ತುತ್ತಾ ಕೂರುತ್ತದೆ. ಮೇಲಿನ ಗಾಳಿ ಅದರ ಬೆನ್ನ ಮೇಲೆ ಜಾರಿ ಹೋಗುತ್ತದೆ. ಡೋರ್ ಬಿಚ್ಚಿದರೆ ಆ ಉಂಡೆ ಒಡೆಯುತ್ತದೆ, ತಡೆ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಗಾಡಿ ನಿಲ್ಲಿಸಿ ಜೋರಾಗಿ ಗಾಳಿ ಬಿಟ್ಟು ಪರೀಕ್ಷಿಸುವ ಗಾಳಿ ಸುರಂಗದಲ್ಲಿ ನೋಡಿರುವ ವಿಷಯ ಇದು. ಮೇಲೆ ಬಿಗಿಯಾಗಿ ಮುಚ್ಚಳ ಹಾಕಿದರೆ ಮಾತ್ರ ಸ್ವಲ್ಪ ಲಾಭ.

ಲೆಕ್ಕದ ಮೇಷ್ಟ್ರು
ಅದು ಉದ್ದ ಮೂತಿಯ ಪಿಕಪ್ಪಿನ ಮಾತು. ನಮ್ಮ ಚಪ್ಪಟೆ ಮೂತಿ ಗಾಡಿಗೆ ಅದೇ ಅಂಕಿ ಅಂಟಿಸಲು ಆಗುವುದಿಲ್ಲ. ಆದರೂ ಡೋರ್ ಬಿಚ್ಚಿ ಓಡಿಸಬೇಡಿ, ಹಿಂದೆ ಬರುವ ಬೈಕಿನವನ ಗತಿ ಏನು?

ಮುಳಬಾಗಿಲು ತಮ್ಮನಿಗೆ ಒಂದು ಮಾತು. ನಾಳೆ ಅದೇ 100 ಬಾಕ್ಸ್, ಅದೇ ಎತ್ತರ. 45ರಲ್ಲಿ ಬನ್ನಿ. 34 ಕಿಲೋಮೀಟರಿಗೆ 11 ನಿಮಿಷ ಜಾಸ್ತಿ ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ 22ರ ಆಸುಪಾಸು ಇಳಿಯಬೇಕು. ಮುಂದಿನ ವರಸೆ ತಗ್ಗಿಸಿ, ಹಿಂದಕ್ಕೆ ಹೋಗುತ್ತಾ ಮೆಟ್ಟಿಲಿನಂತೆ ಏರಿಸಿದರೆ ಇನ್ನೂ ಸ್ವಲ್ಪ ಸಿಗಬಹುದು.

ಮುಳಬಾಗಿಲು ಗಾಡಿ
ಮೂರು ದಿನ ಮಾಡಿ ನೋಡಿದೆ. 45ರಲ್ಲಿ 23, 24, 23. ಮೆಟ್ಟಿಲು ಜೋಡಿಸಿದ್ದರಿಂದ ಏನೂ ಗೊತ್ತಾಗಲಿಲ್ಲ. ಮಂಡಿಯ ಹುಡುಗರು ನಕ್ಕಿದ್ದೊಂದೇ ಲಾಭ.

ಡೀಸೆಲ್ ರಾಜ
ಎಂಟು ಪರ್ಸೆಂಟ್ ಅಂದರೆ ಎರಡು ಯೂನಿಟ್ಟೂ ಇಲ್ಲ. ಹನ್ನೆರಡು ರೂಪಾಯಿ. ಇಷ್ಟಕ್ಕೆ ಮೂರು ದಿನ ತಲೆ ಕೆಡಿಸಿಕೊಂಡಿರಾ ಎಲ್ಲರೂ?

ಮುಳಬಾಗಿಲು ಗಾಡಿ
ಹನ್ನೆರಡು ರೂಪಾಯಿ ಅಲ್ಲ ಅಣ್ಣ, ಎರಡನೇ ಟ್ರಿಪ್. ಮೊದಲು ಹೋಗಿ ಬರಲು 53 ಪರ್ಸೆಂಟ್. ಉಳಿದ 47ರಲ್ಲಿ ಇನ್ನೊಂದು ಟ್ರಿಪ್ ಆಗುತ್ತಿರಲಿಲ್ಲ. ಈಗ 45 ಪರ್ಸೆಂಟಿನಲ್ಲಿ ಮುಗಿಯುತ್ತಿದೆ. ಎರಡನೇ ಬಾಡಿಗೆ ಹೊಡೆದು ಮನೆಗೆ ಬಂದರೂ ಹತ್ತು ಉಳಿಯುತ್ತದೆ. ಒಂದು ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತಲ್ಲ.

ಲೆಕ್ಕದ ಮೇಷ್ಟ್ರು
ರಾಜಣ್ಣ, ನಿಮ್ಮ ಗಾಡಿಗೂ ಇದೇ ಗಾಳಿ ಹೊಡೆಯುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಇವರ ಇಡೀ ಬ್ಯಾಟರಿ ಅಂದರೆ ಎರಡು ಲೀಟರ್ ಡೀಸೆಲ್! ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡುತ್ತಿದ್ದಾರೆ. ನಿಮ್ಮ ಇಂಜಿನ್ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿಯೇ ಕಳೆಯುತ್ತದೆ. ಮೇಲಾಗಿ ಟ್ಯಾಂಕ್ ದೊಡ್ಡದು, ಮುಳ್ಳು ನಿಧಾನ ಇಳಿಯುತ್ತದೆ. ಹಾಗಾಗಿ ಗಾಳಿಯದ್ದು ಕಣ್ಣಿಗೆ ಬೀಳುವುದಿಲ್ಲ.

ಡೀಸೆಲ್ ರಾಜ
ಆಯ್ತು ಮೇಷ್ಟ್ರೇ, ಒಪ್ಪಿದೆ. ಆದರೆ ಮಾವಿನ ಸೀಸನ್ನಲ್ಲಿ ರಾತ್ರಿ ಫೋನ್ ಬರುತ್ತದೆ, ಶ್ರೀನಿವಾಸಪುರದಿಂದ ಬೆಂಗಳೂರಿಗೆ ಈಗಲೇ ಹೊರಡು ಅಂತ. ಹೋಗಿ ಇಳಿಸಿ ಬೆಳಿಗ್ಗೆ ವಾಪಸ್ ಇರಬೇಕು. ಆಗ ಈ ಗಾಡಿ ಏನು ಮಾಡುತ್ತದೆ?

ಮುಳಬಾಗಿಲು ಗಾಡಿ
ಅದಕ್ಕೆ ಆಗುವುದಿಲ್ಲ. ಆ ಬಾಡಿಗೆ ನಿಮಗೇ ಇರಲಿ.

ನನಗೆ ಈಗ ಬೇರೆ ತಲೆನೋವು. ಎರಡು ಟ್ರಿಪ್ ಅಂದರೆ ದಿನಾ ರಾತ್ರಿ ಪೂರ್ತಿ ಚಾರ್ಜ್ ಆಗಬೇಕು. ಮನೆಯ 15 ಆಂಪ್ ಪ್ಲಗ್ ಮುಟ್ಟಿದರೆ ಸುಡುತ್ತದೆ. ಸಂಜೆ ಹಾಕಿದರೆ ಬೆಳಿಗ್ಗೆ ನಾಲ್ಕಕ್ಕೂ ಫುಲ್ ಆಗಿರುವುದಿಲ್ಲ. ಗಾಡಿ ತರುವ ಮುಂಚೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಈಗ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತಿದೆ, ಮನೆಯಲ್ಲಿ ರಗಳೆ. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳಲಾ ಅಂತ ಯೋಚನೆ. ಅದು ಫ್ರೀ ಅಲ್ವಾ.

ವೈರಿಂಗ್ ಕೆಲಸದವ
ಪಂಪ್‌ಸೆಟ್ ಲೈನ್ ಮುಟ್ಟಲೇಬೇಡಿ. ಅದು ಪಂಪಿಗೆ ಅಂತ ಕೊಟ್ಟ ಕನೆಕ್ಷನ್. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಕಟ್ಟಿಸುತ್ತಾರೆ. ಅದೂ ಅಲ್ಲದೆ ತೋಟಕ್ಕೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ. ಅದೂ ಅವರು ಕೊಟ್ಟಾಗ.

ಪ್ಲಗ್ ಸುಡುವುದು ತಮಾಷೆ ಅಲ್ಲ. ಗೀಸರ್ ಕಾಲು ಗಂಟೆ ಓಡುತ್ತದೆ. ನಿಮ್ಮ ಗಾಡಿ ಅಷ್ಟೇ ಕರೆಂಟನ್ನು ಏಳು ಗಂಟೆ ಎಳೆಯುತ್ತದೆ. ಹಳೇ ಮನೆ ವೈರಿಂಗಿನಲ್ಲಿ ಆ ಪ್ಲಗ್ಗಿಗೆ ಸಣ್ಣ ವೈರ್ ಇರುತ್ತದೆ, ಸ್ಕ್ರೂ ಸಡಿಲ ಇರುತ್ತದೆ. ಮೀಟರ್ ಬೋರ್ಡಿನಿಂದ ಗಾಡಿಗೇ ಅಂತ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಲೋಡ್ ಜಾಸ್ತಿಯಾದರೆ ಲೈನ್ ಕಟ್ ಮಾಡಲು ಅದಕ್ಕೇ ಒಂದು ಎಂಸಿಬಿ, ಕರೆಂಟ್ ಸೋರಿದರೆ ಕಟ್ ಮಾಡಲು 30 ಮಿಲಿಆಂಪ್ ಆರ್‌ಸಿಸಿಬಿ. ಸಾಕೆಟ್ ಕಂಪನಿಯದ್ದೇ ಹಾಕಿಸಿ, ಸಂತೆಯಲ್ಲಿ ಸಿಗುವುದು ಬೇಡ.

ನಿಧಾನ ಆಗುವುದಕ್ಕೆ ಕಾರಣ ವೋಲ್ಟೇಜ್. 15 ಆಂಪ್ ಎಳೆಯುವ ಚಾರ್ಜರ್‌ಗೆ 230 ವೋಲ್ಟ್ ಸಿಕ್ಕರೆ ಗಂಟೆಗೆ ಸುಮಾರು ಮೂರೂವರೆ ಯೂನಿಟ್. ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಬಿದ್ದು 180ಕ್ಕೆ ಇಳಿದರೆ 2.7. ಇನ್ನೂ ಇಳಿದರೆ ಚಾರ್ಜರ್ ತಾನೇ ನಿಲ್ಲಿಸಿಬಿಡುತ್ತದೆ, ನೀವು ಮಲಗಿರುತ್ತೀರಿ. ರಾತ್ರಿ ಹತ್ತರ ಮೇಲೆ ಹಾಕಿ. ಮಧ್ಯಾಹ್ನ ಊಟಕ್ಕೆ ಬಂದಾಗ ಒಂದೆರಡು ಗಂಟೆ ಚುಚ್ಚಿದರೆ ರಾತ್ರಿಯ ಹೊರೆ ಕಮ್ಮಿ ಆಗುತ್ತದೆ.

ಬೆಂಗಳೂರಲ್ಲಿರೋ ಮಾಲೂರಿನವ
ಗೃಹಜ್ಯೋತಿ ಉಳಿಸಿಕೊಳ್ಳುವ ದಾರಿ ಇದೆ. ಬೆಸ್ಕಾಂನಲ್ಲಿ ಗಾಡಿ ಚಾರ್ಜಿಂಗಿಗೆ ಬೇರೆಯೇ ದರದ ಕನೆಕ್ಷನ್ ಇದೆ. ಇನ್ನೊಂದು ಮೀಟರ್ ಹಾಕಿಸಿದರೆ ಮನೆ ಮೀಟರ್ ಮೊದಲಿನಂತೆ 200ರ ಒಳಗೇ ಇರುತ್ತದೆ. ಮನೆಗೆ ಮಂಜೂರಾದ ಲೋಡ್ (ಸ್ಯಾಂಕ್ಷನ್ ಲೋಡ್) ಎಷ್ಟು ನೋಡಿಕೊಳ್ಳಿ. ಹಳ್ಳಿ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ, ಗಾಡಿಯೊಂದೇ ಮೂರು ಮೀರುತ್ತದೆ.

ಲೆಕ್ಕದ ಮೇಷ್ಟ್ರು
ಮೀಟರ್ ಬರುವವರೆಗೂ ಮನೆಯವರಿಗೆ ಈ ಲೆಕ್ಕ ತೋರಿಸಿ. ದಿನಕ್ಕೆ ಒಂದೇ ಟ್ರಿಪ್, ತಿಂಗಳಿಗೆ 26 ದಿನ ಅಂದರೂ 1,770 ಕಿಲೋಮೀಟರ್. ಚಾರ್ಜರ್ ನುಂಗುವುದೂ ಸೇರಿ 300 ಯೂನಿಟ್ಟಿನ ಹತ್ತಿರ ಆಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಚಿಲ್ಲರೆ ಹಿಡಿದರೆ ಎರಡು ಸಾವಿರದ ಆಸುಪಾಸು. ಮನೆಯ 60 ಯೂನಿಟ್ಟಿಗೂ ದುಡ್ಡು ಕಟ್ಟಿದರೂ ಎರಡೂವರೆ ಸಾವಿರ. ರಾಜಣ್ಣನ 18ರ ಲೆಕ್ಕದಲ್ಲಿ ಅಷ್ಟೇ ದೂರಕ್ಕೆ 98 ಲೀಟರ್ ಡೀಸೆಲ್, ಲೀಟರಿಗೆ 90 ಅಂದರೂ ಎಂಟು ಸಾವಿರದ ಎಂಟುನೂರು.

ಡೀಸೆಲ್ ರಾಜ
ನನ್ನ ಹೆಂಡತಿಗೆ ಈ ಲೆಕ್ಕ ಯಾರೂ ಕಳಿಸಬೇಡಿ.

ಮುಳಬಾಗಿಲು ಗಾಡಿ
😄 ಬೇರೆ ಲೈನ್ ಎಳೆಸಿದೆ. ಈಗ ಚಾರ್ಜರ್‌ನಲ್ಲಿ ಕೆಂಪು ದೀಪ, ಶುರುವಾಗುತ್ತಲೇ ಇಲ್ಲ. ಹಳೇ ಪ್ಲಗ್ಗಿನಲ್ಲಿ ಆಗುತ್ತಿತ್ತಲ್ಲ?

ವೈರಿಂಗ್ ಕೆಲಸದವ
ಅರ್ಥಿಂಗ್ ಕೊಟ್ಟಿರುವುದಿಲ್ಲ, ನೋಡಿ. ಅರ್ಥ್ ಸಿಗದಿದ್ದರೆ ಇಂಥ ಚಾರ್ಜರ್‌ಗಳು ಕರೆಂಟ್ ಬಿಡುವುದಿಲ್ಲ. ಗಾಡಿಯ ಮೈಗೆ ಕರೆಂಟ್ ಇಳಿದರೆ ಮುಟ್ಟಿದವರಿಗೆ ಹೊಡೆಯಬಾರದಲ್ಲ, ಅದಕ್ಕೆ. ಮನೆ ಹಿಂದೆ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥ್ ಮಾಡಿಸಿ. ಬಚ್ಚಲು ನೀರು ಹೋಗುವ ಕಡೆ ಆದರೆ ಒಳ್ಳೆಯದು, ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ.

ಮುಳಬಾಗಿಲು ಗಾಡಿ
ಗುಂಡಿ ಇವತ್ತೇ ತೋಡಿಸಿದೆ. ನಾಲ್ಕು ಅಡಿಗೆ ಬಂಡೆ ಸಿಕ್ಕಿತು. ಅಲ್ಲೇ ಬಿಡಲಾ?

ವೈರಿಂಗ್ ಕೆಲಸದವ
ಬೇಡ ಬೇಡ, ಪಕ್ಕಕ್ಕೆ ತೋಡಿಸಿ. ಮುಚ್ಚುವ ಮುಂಚೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.