ಒಬ್ಬರ ಹತ್ತಿರ ಕ್ರಿಟಾ, ಇನ್ನೊಬ್ಬರ ಹತ್ತಿರ ಐಬಿಸ್ ಪೇಂಟ್: ಒಂದೇ ಕ್ಲಾಸಿನಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ಭಾನುವಾರ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಡಿಜಿಟಲ್ ಡ್ರಾಯಿಂಗ್ ಹೇಳಿಕೊಡುತ್ತೇನೆ. ಕೆಲವರದು ಫೋಟೋಶಾಪ್, ಕೆಲವರದು ಗಿಂಪ್, ಕ್ರಿಟಾ. ಒಬ್ಬಳದು ಐಪ್ಯಾಡಿನಲ್ಲಿ ಪ್ರೊಕ್ರಿಯೇಟ್. ಉಳಿದವರು ಫೋನಲ್ಲೇ ಐಬಿಸ್ ಪೇಂಟ್. ನಾನೊಂದು ಬಟನ್ ತೋರಿಸಿದರೆ ಸಾಕು, "ಮಿಸ್, ನಮ್ದ್ರಲ್ಲಿ ಅದಿಲ್ಲ" ಅಂತ ಎಲ್ಲ ಕಡೆಯಿಂದ ಕೂಗು. ಎಲ್ಲರಿಗೂ ಒಂದೇ ಸಾಫ್ಟ್‌ವೇರ್ ಕಡ್ಡಾಯ ಮಾಡಲಾ?

ಉತ್ತರ 1: ಕಡ್ಡಾಯ ಬೇಡ ಮೇಡಂ. ಫೋನು ಮಾತ್ರ ಇರುವ ಮಕ್ಕಳು ಮೊದಲು ಕ್ಲಾಸು ಬಿಡುತ್ತಾರೆ, ಅಷ್ಟೇ.

ಬಟನ್ ತೋರಿಸುವುದು ಬಿಟ್ಟು ಕೆಲಸ ಹೇಳಿ. ನಾನು ಬೋರ್ಡಿನ ಮೇಲೆ ಬರೆಯುವುದು ಇಷ್ಟೇ: ಗೆರೆ ಒಂದು ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ ಇದ್ದ ಹಾಗೆ), ಅದರ ಕೆಳಗೆ ಬಣ್ಣ ಒಂದು ಲೇಯರ್, ಇವೆರಡರ ಮಧ್ಯೆ ನೆರಳಿಗೆ ಒಂದು ಲೇಯರ್, ನೆರಳಿಗೆ ಮಲ್ಟಿಪ್ಲೈ ಮೋಡ್ (ಕೆಳಗಿನ ಬಣ್ಣವನ್ನು ಗಾಢವಾಗಿಸುವುದು). ನೀವು ಹೇಳಿದ ಐದರಲ್ಲೂ ಮಲ್ಟಿಪ್ಲೈ ಅದೇ ಹೆಸರಿನಲ್ಲಿ ಇದೆ. ಎಲ್ಲಿದೆ ಅಂತ ಅವರೇ ಹುಡುಕಲಿ, ಸಿಕ್ಕಿದವರು ಪಕ್ಕದವರಿಗೆ ತೋರಿಸಲಿ. ಒಂದೇ ಸಾಫ್ಟ್‌ವೇರ್ ಇರುವವರನ್ನು ಒಟ್ಟಿಗೆ ಕೂರಿಸಿದರೆ ನಿಮ್ಮ ಅರ್ಧ ಕೆಲಸ ಕಮ್ಮಿ.

ನಿಜವಾಗಿ ತೊಡಕಾಗುವುದು ನೆರಳು ಬಣ್ಣದ ಆಚೆ ಹೋಗದಂತೆ ಹಿಡಿಯುವಾಗ. ಫೋಟೋಶಾಪ್, ಪ್ರೊಕ್ರಿಯೇಟ್‌ನಲ್ಲಿ ಕ್ಲಿಪಿಂಗ್ ಮಾಸ್ಕ್ ಇದೆ, ಐಬಿಸ್‌ನಲ್ಲಿ ಕ್ಲಿಪಿಂಗ್ ಒತ್ತಿದರೆ ಆಯಿತು. ಕ್ರಿಟಾದಲ್ಲಿ ಅದರ ಬದಲು ಇನ್ಹೆರಿಟ್ ಆಲ್ಫಾ. ಆದರೆ ಬಣ್ಣ, ನೆರಳು ಎರಡನ್ನೂ ಮೊದಲು ಒಂದು ಗ್ರೂಪಿಗೆ ಹಾಕಬೇಕು, ಇಲ್ಲದಿದ್ದರೆ ಕೆಳಗಿರುವ ಬಿಳಿ ಬ್ಯಾಕ್‌ಗ್ರೌಂಡನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡು ಏನೂ ಬದಲಾಗದ ಹಾಗೆ ಕಾಣುತ್ತದೆ, ಮಕ್ಕಳು ಸಾಫ್ಟ್‌ವೇರೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಗಿಂಪ್‌ನವರಿಗೆ ಸುಲಭದ ದಾರಿ ಅಂದರೆ ಬಣ್ಣದ ಲೇಯರಿಗೆ ಆಲ್ಫಾ ಟು ಸೆಲೆಕ್ಷನ್ (ಬಣ್ಣ ಇರುವ ಜಾಗವಷ್ಟೇ ಆಯ್ಕೆಯಾಗುತ್ತದೆ) ಕೊಟ್ಟು, ಆಮೇಲೆ ನೆರಳಿನ ಲೇಯರಿನಲ್ಲಿ ಬಳಿಯುವುದು.

ಗಿಂಪ್‌ನದೇ ಇನ್ನೊಂದು ಕಾಟ. ಪೆನ್ಸಿಲ್ ಚಿತ್ರದ ಫೋಟೋ ತಂದು ಅಂಟಿಸಿದಾಗ ಆ ಲೇಯರ್ ಕ್ಯಾನ್ವಾಸಿಗಿಂತ ಚಿಕ್ಕದಾಗಿರುತ್ತದೆ, ಚುಕ್ಕಿ ಗೆರೆಯ ಆಚೆ ಬ್ರಷ್ ಮೂಡುವುದೇ ಇಲ್ಲ. ಲೇಯರ್ ಟು ಇಮೇಜ್ ಸೈಜ್ ಕೊಟ್ಟರೆ ಸರಿಹೋಗುತ್ತದೆ.

ಶಾರ್ಟ್‌ಕಟ್ ಮಾತ್ರ ಬಾಯಲ್ಲಿ ಹೇಳಲೇಬೇಡಿ. ಫೋಟೋಶಾಪ್, ಕ್ರಿಟಾದಲ್ಲಿ ಬಿ ಒತ್ತಿದರೆ ಬ್ರಷ್. ಗಿಂಪ್‌ನಲ್ಲಿ ಬ್ರಷ್‌ಗೆ ಪಿ, ಬಿ ಒತ್ತಿದರೆ ಪಾತ್ ಅನ್ನುವ ಬೇರೆಯೇ ಟೂಲ್ ಬರುತ್ತದೆ. ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತಮ್ಮದೇ ಪಟ್ಟಿ ಬರೆದುಕೊಳ್ಳಲಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಫೈಲ್ ವಿಷಯ ನಾನು ಸೇರಿಸುತ್ತೇನೆ. ಎಲ್ಲರಿಂದ ಪಿಎಸ್‌ಡಿ (ಲೇಯರ್ ಬೇರೆಬೇರೆ ಉಳಿಯುವ ಫೋಟೋಶಾಪ್ ಫೈಲ್) ಒಂದು, ಪಿಎನ್‌ಜಿ (ಎಲ್ಲ ಸೇರಿದ ಒಂದೇ ಚಿತ್ರ) ಒಂದು ತೆಗೆದುಕೊಳ್ಳಿ. ಐದೂ ಪಿಎಸ್‌ಡಿ ಕೊಡುತ್ತವೆ, ಆದರೆ ಅಕ್ಷರ, ಎಫೆಕ್ಟ್ ಎಲ್ಲ ಇದ್ದ ಹಾಗೇ ದಾಟಿ ಬರುತ್ತವೆ ಅಂತ ನಂಬಬೇಡಿ. ಮಗು ನೋಡಿದ್ದು ಏನು ಅಂತ ಪಿಎನ್‌ಜಿ ಹೇಳುತ್ತದೆ, ಲೇಯರ್ ಹೇಗೆ ಜೋಡಿಸಿದೆ ಅಂತ ಪಿಎಸ್‌ಡಿ ಹೇಳುತ್ತದೆ. ನಿಮ್ಮ ಹತ್ತಿರ ಫೋಟೋಶಾಪ್ ಇಲ್ಲದಿದ್ದರೂ ಪರವಾಗಿಲ್ಲ, ಫೋಟೋಪಿಯಾ ಬ್ರೌಸರಿನಲ್ಲೇ ಪಿಎಸ್‌ಡಿ ತೆರೆಯುತ್ತದೆ.

ಎ4 ಅಳತೆ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 2480×3508 ಪಿಕ್ಸೆಲ್. ರ‍್ಯಾಮ್ ಕಮ್ಮಿ ಇರುವ ಫೋನು ಅದರಲ್ಲಿ ಏದುಸಿರು ಬಿಡುತ್ತದೆ. ಅಭ್ಯಾಸಕ್ಕೆ 1240×1754 ಸಾಕು, ಪ್ರಿಂಟ್ ಮಾಡುವುದಿದ್ದರೆ ಮಾತ್ರ ದೊಡ್ಡದು.

ಎಐ ಚಿತ್ರ ತಂದು ಕೊಡುತ್ತಾರಾ ಅಂತ ಅನುಮಾನ ಇದ್ದರೆ ಬಿಡಿಸಿದ ವಿಡಿಯೋ ಕೇಳಿ. ಪ್ರೊಕ್ರಿಯೇಟ್, ಐಬಿಸ್‌ನಲ್ಲಿ ಆ ಸೌಲಭ್ಯ ಇದೆ, ಕ್ರಿಟಾ 5ರಿಂದ ರೆಕಾರ್ಡರ್ ಬಂದಿದೆ, ಆದರೆ ಅದನ್ನು ಮೊದಲೇ ಆನ್ ಮಾಡಬೇಕು.

ಉತ್ತರ 3: ನಂದು ಸ್ವಲ್ಪ ಬೇರೆ ಅಭಿಪ್ರಾಯ. ಲ್ಯಾಬ್ ಇದ್ದರೆ ಶುರುವಿನ ಕ್ಲಾಸುಗಳಿಗೆ ಎಲ್ಲರನ್ನೂ ಕ್ರಿಟಾದಲ್ಲಿ ಕೂರಿಸುವುದೇ ಒಳ್ಳೇದು. ಕಾಸಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಲೇಯರ್ ಅಂದರೆ ಏನು ಅಂತಲೇ ಗೊತ್ತಿಲ್ಲದ ಮಗುವಿಗೆ "ನೀನೇ ಹುಡುಕು" ಅಂದರೆ ಏನು ಹುಡುಕುತ್ತೆ ಪಾಪ? ಅದು ತಲೆಗೆ ಹತ್ತಿದ ಮೇಲೆ ಅವರವರ ಸಾಫ್ಟ್‌ವೇರಿಗೆ ಬಿಡಿ.

ಇನ್ನೊಂದು, ರಾಜ್ಯೋತ್ಸವದ ಪೋಸ್ಟರ್ ಮಾಡಿಸುವವರು ನೋಡಿಕೊಳ್ಳಿ. ಫೋಟೋಶಾಪಿನಲ್ಲಿ ಕನ್ನಡ ಒತ್ತಕ್ಷರ ಒಡೆದು ಬಂದರೆ ಅದು ಮಗುವಿನ ತಪ್ಪಲ್ಲ. ಫೋಟೋಶಾಪ್ 2022ಕ್ಕಿಂತ ಹಿಂದಿನ ವರ್ಶನ್ ಆದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಆರಿಸಬೇಕು. ಇನ್ನೂ ಹಳೇ ವರ್ಶನ್ನಿನಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಶಿಯನ್. ಗಿಂಪ್‌ನಲ್ಲಿ ಯೂನಿಕೋಡ್ ಫಾಂಟ್ ಇದ್ದರೆ ಈ ರಗಳೆಯೇ ಇಲ್ಲ.

ಪ್ರಶ್ನೆ ಕೇಳಿದವರು: ಲ್ಯಾಬ್ ಇಲ್ಲ, ಅದಕ್ಕೇ ಮೊದಲನೇ ಉತ್ತರದ ದಾರಿ ಹಿಡಿಯುತ್ತೇನೆ. ಫೋನಿನಲ್ಲಿ ಬೆರಳಲ್ಲೇ ಬಿಡಿಸುವವರಿಗೆ ಗೆರೆ ನಡುಗುತ್ತದಲ್ಲ, ಅದಕ್ಕೇನಾದರೂ ಇದೆಯಾ?

ಉತ್ತರ 1: ಇದೆ. ಐಬಿಸ್‌ನಲ್ಲಿ ಸ್ಟೆಬಿಲೈಜರ್ ಸ್ವಲ್ಪ ಜಾಸ್ತಿ ಇಡಲು ಹೇಳಿ. ತುಂಬಾ ಏರಿಸಿದರೆ ಗೆರೆ ಬೆರಳಿನ ಹಿಂದೆ ಎಳೆದುಕೊಂಡು ಬಂದ ಹಾಗೆ ಆಗುತ್ತದೆ, ಮಧ್ಯದಲ್ಲಿರಲಿ.